ಜನವರಿ 3ಕ್ಕೆ ಸಾವಿತ್ರಿಬಾಯಿಯವರ ಬದುಕನ್ನು ಮಕ್ಕಳಿಗೆ ಹೇಳುವುದು ಹೇಗೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನನಗೆ ಒಂದೆರಡು ಫೋನ್ ಬಂದೇ ಬರುತ್ತವೆ. "ಮೇಡಂ, ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆ ಬಗ್ಗೆ ನಾನೇ ಮಾತಾಡಬೇಕಂತೆ. ಹತ್ತು ನಿಮಿಷ ಕೊಟ್ಟಿದ್ದಾರೆ. ಏನು ಹೇಳಲಿ?" ಜನವರಿ 3, ಪುಣೆಯಲ್ಲಿ 1848ರಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ ಸಾವಿತ್ರಿಬಾಯಿಯವರು ಹುಟ್ಟಿದ ದಿನ. ಕೇಳುವವರು ಹೆಚ್ಚಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು. ನಾನು ಒಂದು ಅನುದಾನಿತ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ 26 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ಕೊನೆಯ 6 ವರ್ಷ ಅಲ್ಲೇ ಎಚ್.ಎಂ. (ಮುಖ್ಯೋಪಾಧ್ಯಾಯಿನಿ) ಆಗಿದ್ದೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಈ ಸಲ ಒಟ್ಟಿಗೆ ಬರೆದುಬಿಡುತ್ತೇನೆ.

ಮೊದಲು ನನಗೆ ಆದದ್ದನ್ನು ಹೇಳುತ್ತೇನೆ. ನಾನೂ ಶುರುವಿನಲ್ಲಿ ಎಲ್ಲರ ಹಾಗೇ ಮಾತಾಡುತ್ತಿದ್ದೆ. ಹುಟ್ಟಿದ ತಾರೀಖು, ಮದುವೆ, ಶಾಲೆ ತೆರೆದದ್ದು, ಜನ ಸೆಗಣಿ ಎಸೆದದ್ದು, ಪ್ಲೇಗಿನಲ್ಲಿ ತೀರಿಕೊಂಡದ್ದು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒಂದು ವರ್ಷ ಮಾರನೇ ದಿನ 8ನೇ ತರಗತಿಯಲ್ಲಿ ಕೇಳಿದೆ, "ನಿನ್ನೆ ಏನು ಕೇಳಿದಿರಿ?" ಎಲ್ಲರೂ ಒಟ್ಟಿಗೆ "ಸೆಗಣಿ ಎಸೆದ್ರು ಮಿಸ್" ಅಂದರು. "ಅವರ ಶಾಲೆಯಲ್ಲಿ ಏನು ಕಲಿಸುತ್ತಿದ್ದರು?" ಯಾರೂ ಬಾಯಿ ಬಿಡಲಿಲ್ಲ. ಅದನ್ನು ನಾನು ಹೇಳಿಯೇ ಇರಲಿಲ್ಲ. ಐವತ್ತು ವರ್ಷ ದುಡಿದ ಒಬ್ಬ ಮುಖ್ಯೋಪಾಧ್ಯಾಯಿನಿಯ ಬದುಕಿನಲ್ಲಿ ಬೇರೆಯವರು ಎಸೆದ ಸೆಗಣಿಯೊಂದೇ ಮಕ್ಕಳ ತಲೆಯಲ್ಲಿ ಉಳಿದಿತ್ತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲಿಂದ ನಾನು ಮಾಡಿಕೊಂಡ ನಿಯಮ ಒಂದೇ. ಅವರನ್ನು ಶಾಲೆ ನಡೆಸಿದ ಹೆಂಗಸಾಗಿ ಹೇಳಬೇಕು. ಏನು ಕಲಿತರು, ಏನು ಕಲಿಸಿದರು, ಯಾರ ಜೊತೆ ಕೆಲಸ ಮಾಡಿದರು, ಅವರ ಕೈಯಲ್ಲಿ ಓದಿದ ಹುಡುಗಿ ಏನಾದಳು. ಉಳಿದದ್ದೆಲ್ಲ ಇದರ ಅಕ್ಕಪಕ್ಕ ಬರಲಿ.

ಬೋರ್ಡಿನ ಮೇಲೆ ಐದೇ ಇಸವಿ

ಮಾತು ಶುರು ಮಾಡುವ ಮೊದಲೇ ಬೋರ್ಡಿನಲ್ಲಿ ಐದು ಇಸವಿ ಬರೆದಿಡಿ: 1831, 1840, 1848, 1855, 1897. ಹುಟ್ಟು, ಮದುವೆ, ಶಾಲೆ, ಒಬ್ಬ ವಿದ್ಯಾರ್ಥಿನಿಯ ಬರಹ, ಸಾವು. ಇದಕ್ಕಿಂತ ಜಾಸ್ತಿ ಬೇಡ. ಮಕ್ಕಳ ಮುಂದೆ ಇಪ್ಪತ್ತು ಇಸವಿ ಓದಿದರೆ ಒಂದೂ ಉಳಿಯುವುದಿಲ್ಲ.

1848ರಲ್ಲಿ ಶಾಲೆ ಶುರುವಾದ ತಿಂಗಳು, ತಾರೀಖು ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಇರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಇಸವಿ ಹೇಳಿದರೆ ಸಾಕು. "ದೇಶದ ಮೊಟ್ಟಮೊದಲ ಹೆಣ್ಣುಮಕ್ಕಳ ಶಾಲೆ" ಅನ್ನುವ ಮಾತನ್ನು ಮಾತ್ರ ಬಿಡಿ. ಮಿಷನರಿಗಳು ಅದಕ್ಕೂ ಮುಂಚೆ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಬಂಗಾಳದ ಬಾರಾಸತ್‌ನಲ್ಲಿ 1847ರಲ್ಲೇ ಅಲ್ಲಿನವರೇ ಒಂದು ಶಾಲೆ ತೆರೆದಿದ್ದರು. "ಭಾರತೀಯರೇ ನಡೆಸಿದ ಮೊದಮೊದಲ ಹೆಣ್ಣುಮಕ್ಕಳ ಶಾಲೆಗಳಲ್ಲಿ ಒಂದು" ಅನ್ನಿ. ಸಾವಿತ್ರಿಬಾಯಿಯವರ ದೊಡ್ಡತನ ಇದರಿಂದ ಒಂದು ಕೂದಲಿನಷ್ಟೂ ಕಡಿಮೆ ಆಗುವುದಿಲ್ಲ. ಮುಂದೆ ಓದಿ ತಿಳಿದುಕೊಳ್ಳುವ ಹುಡುಗಿಗೆ "ನಮ್ಮ ಮಿಸ್ ತಪ್ಪು ಹೇಳಿದ್ದರು" ಅನ್ನಿಸಬಾರದು, ಅಲ್ವಾ?

ವಾಟ್ಸಾಪಿನಲ್ಲಿ ಅವರ ಹೆಸರು ಹಾಕಿ ಓಡಾಡುವ ಸಾಲುಗಳನ್ನೂ ಹೇಳಬೇಡಿ. ಅವರು ನಿಜವಾಗಿ ಬರೆದದ್ದೇ ಬೇಕಾದಷ್ಟಿದೆ. 1854ರಲ್ಲಿ, 23ನೇ ವಯಸ್ಸಿನಲ್ಲಿ, 'ಕಾವ್ಯ ಫುಲೆ' ಅನ್ನುವ ಕವನ ಸಂಕಲನ ತಂದರು. ಗಂಡನಿಗೆ ಬರೆದ ಮೂರು ಕಾಗದಗಳು ಉಳಿದಿವೆ: 1856, 1868, 1877. ನನಗೆ ಆ ಕವಿತೆಗಳಿಗಿಂತ ಕಾಗದಗಳೇ ಹೆಚ್ಚು ಇಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಬ್ಬ ಹುಡುಗಿಯನ್ನು ನಿಲ್ಲಿಸಿ

ಹುಟ್ಟಿನಿಂದ ಶುರು ಮಾಡಬೇಡಿ. 10ನೇ ತರಗತಿಯ ಒಬ್ಬ ಹುಡುಗಿಯನ್ನು ಮುಂದೆ ಕರೆದು ನಿಲ್ಲಿಸಿ. "ನಿನಗೆ ಎಷ್ಟು ವಯಸ್ಸು?" ಹದಿನೈದೋ ಹದಿನಾರೋ ಅನ್ನುತ್ತಾಳೆ. ಆಮೇಲೆ ಹೇಳಿ: ಇವಳಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ. 17ನೇ ವಯಸ್ಸಿನಲ್ಲಿ ಸಾವಿತ್ರಿಬಾಯಿ ಪುಣೆಯ ಭಿಡೆ ವಾಡೆಯಲ್ಲಿ (ವಾಡೆ ಅಂದರೆ ದೊಡ್ಡ ಮನೆ) ಟೀಚರ್ ಆಗಿ ನಿಂತರು.

ಅಸೆಂಬ್ಲಿಯಲ್ಲಿ ಗುಸುಗುಸು ನಿಂತುಬಿಡುತ್ತದೆ. ನಾನು ಎಷ್ಟೋ ವರ್ಷ ನೋಡಿದ್ದೇನೆ. ಫೋಟೋದಲ್ಲಿ ಹಾರ ಹಾಕಿಸಿಕೊಂಡ ಅಜ್ಜಿಯ ಹಾಗೆ ಕಾಣುವವರು ಇದ್ದಕ್ಕಿದ್ದಂತೆ ಪಕ್ಕದ ಮನೆಯ ಅಕ್ಕ ಆಗುತ್ತಾರೆ.

ಈಗ ಹಿಂದಕ್ಕೆ ಹೋಗಿ. ಸಾತಾರಾ ಜಿಲ್ಲೆಯ ನಾಯಗಾಂವ್, ಪುಣೆಯಿಂದ ಸುಮಾರು 50 ಕಿಲೋಮೀಟರ್. 1831ರ ಜನವರಿ 3ರಂದು ಹುಟ್ಟು. 9 ವರ್ಷಕ್ಕೆ ಮದುವೆ. ಗಂಡ ಜ್ಯೋತಿಬಾ, ಅವರಿಗೆ 13. ಮದುವೆಯಾದಾಗ ಇವರಿಗೆ ಓದು ಬರಹ ಬರುತ್ತಿರಲಿಲ್ಲ. ಮನೆಯಲ್ಲಿ ಗಂಡ ಅಕ್ಷರ ಕಲಿಸಿದರು. ಆಮೇಲೆ ಗಂಡನ ಇಬ್ಬರು ಸ್ನೇಹಿತರು ಮುಂದಿನ ಪಾಠ ಹೇಳಿದರು. ಅಹಮದ್‌ನಗರದಲ್ಲಿ ಸಿಂಥಿಯಾ ಫರಾರ್ ಅನ್ನುವ ಅಮೆರಿಕನ್ ಮಿಷನರಿ ಶಿಕ್ಷಕಿಯರಿಗೆ ತರಬೇತಿ ಕೊಡುತ್ತಿದ್ದರು. ಅಲ್ಲಿ ಕಲಿತರು. ಪುಣೆಯ ನಾರ್ಮಲ್ ಸ್ಕೂಲಿನಲ್ಲೂ, ಅಂದರೆ ಶಿಕ್ಷಕರ ತರಬೇತಿ ಶಾಲೆಯಲ್ಲೂ, ಕಲಿತರು.

ಈ ತರಬೇತಿಯ ವಿಷಯಕ್ಕೆ ದಯವಿಟ್ಟು ಒಂದು ನಿಮಿಷ ಕೊಡಿ. ಎಷ್ಟೋ ಭಾಷಣಗಳಲ್ಲಿ ಇದೇ ಬಿಟ್ಟುಹೋಗಿರುತ್ತದೆ. ಧೈರ್ಯವೊಂದೇ ಇದ್ದರೆ ಶಾಲೆ ನಡೆಯುವುದಿಲ್ಲ. ಪಾಠ ಹೇಳುವುದು ಒಂದು ವಿದ್ಯೆ. ಅವರು ಅದನ್ನು ಕೂತು ಕಲಿತು ಬಂದರು. ನಮ್ಮ ಕಾಲದ ಡಿ.ಎಡ್., ಬಿ.ಎಡ್. ಇದ್ದ ಹಾಗೆ ಅನ್ನಿ, ಮಕ್ಕಳಿಗೆ ಅರ್ಥವಾಗುತ್ತದೆ.

ಜ್ಯೋತಿಬಾ ಅವರನ್ನು ಮರೆಸಬೇಡಿ, ಆದರೆ ಅವರ ಭಾಷಣ ಮಾಡಿಬಿಡಬೇಡಿ. ಇಬ್ಬರೂ ಸೇರಿ ಮಾಡಿದ ಕೆಲಸ ಇದು. ಹೆಂಡತಿಗೆ ಅಕ್ಷರ ಕಲಿಸಿದ ಗಂಡ ಅಂತ ಒಂದು ಸಲ ಪ್ರೀತಿಯಿಂದ ಹೇಳಿ, ಮತ್ತೆ ತರಗತಿಗೆ ಬನ್ನಿ.

ಪುಣೆ ಎಂಥ ಊರಾಗಿತ್ತು ಅಂತಲೂ ಹೇಳಬೇಕು. ಪೇಶ್ವೆಗಳ ರಾಜಧಾನಿ ಅದು. 1818ರಲ್ಲಿ ಅವರ ಆಳ್ವಿಕೆ ಮುಗಿದು ಆಗ ಬರೀ 30 ವರ್ಷ. ಹೆಣ್ಣು ಓದಿದರೆ ಮನೆ ಹಾಳು ಅಂತ ಗಟ್ಟಿಯಾಗಿ ನಂಬಿದ ಊರು. ದಲಿತರ ಮಕ್ಕಳು ಓದುವುದಂತೂ ಯಾರ ಲೆಕ್ಕದಲ್ಲೂ ಇರಲಿಲ್ಲ. ಅಂಥ ಊರಿನ ನಟ್ಟನಡುವೆ, ಬುಧವಾರ ಪೇಠೆಯಲ್ಲಿ ಭಿಡೆ ವಾಡೆ.

ಚೀಲದಲ್ಲಿ ಒಂದು ಸೀರೆ

ಸೆಗಣಿಯ ಕಥೆ ಬಿಡಬೇಕೇ ಅಂತ ಕೇಳುತ್ತಾರೆ. ಬಿಡಬೇಡಿ. ಹೇಳುವ ರೀತಿ ಬದಲಿಸಿ.

ನಾನು ಮಾಡುತ್ತಿದ್ದದ್ದು ಹೀಗೆ. ಒಂದು ಬಟ್ಟೆ ಚೀಲದಲ್ಲಿ ಮಡಿಸಿದ ಹತ್ತಿ ಸೀರೆ ಇಟ್ಟುಕೊಂಡು ಹೋಗುತ್ತಿದ್ದೆ. ಏನೂ ಹೇಳದೆ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದೆ. "ದಾರಿಯಲ್ಲಿ ಜನ ಇವರ ಮೇಲೆ ಸೆಗಣಿ, ಕೆಸರು ಎಸೆಯುತ್ತಿದ್ದರು. ಅದಕ್ಕೇ ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದರು. ಶಾಲೆಗೆ ಹೋಗಿ ಬದಲಾಯಿಸಿ, ಪಾಠ ಶುರು ಮಾಡುತ್ತಿದ್ದರು." ಇಷ್ಟೇ. ಎಸೆದವರ ಬಗ್ಗೆ ಒಂದೇ ವಾಕ್ಯ. ಇವರು ಏನು ಮಾಡಿದರು ಅನ್ನುವುದಕ್ಕೆ ಎರಡು. ದನಿ ಏರಿಸುವುದು ಬೇಡ, ಅಳುವ ಮುಖ ಮಾಡುವುದೂ ಬೇಡ. ಒಬ್ಬ ಎಚ್.ಎಂ. ಕಣ್ಣಿನಿಂದ ನೋಡಿ. ಪಾಠ ನಿಲ್ಲಬಾರದು, ಅದಕ್ಕೆ ಏನು ಮಾಡಬೇಕು? ಇನ್ನೊಂದು ಸೀರೆ ಇಟ್ಟುಕೊಳ್ಳಬೇಕು. ನನಗೆ ಅವರ ಬುದ್ಧಿ ಪೂರ್ತಿ ಆ ಚೀಲದಲ್ಲೇ ಕಾಣುತ್ತದೆ.

ಆ ಚೀಲವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಮುಂದಕ್ಕೆ ಹೋಗಿ. ಮಕ್ಕಳ ಕಣ್ಣು ಆಗಾಗ ಅದರ ಕಡೆ ಹೋಗುತ್ತಿರುತ್ತದೆ.

ಶಾಲೆ ಹೇಗಿತ್ತು

ಭಿಡೆ ವಾಡೆಯ ಶಾಲೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಷಯ ಕಲಿಸುತ್ತಿದ್ದರು. ಅಂದರೆ ಈಗ ನಾವು ಕಲಿಸುವುದೇ. ಇದನ್ನು ಕೇಳಿದಾಗ ಮಕ್ಕಳಿಗೆ ಆಶ್ಚರ್ಯವಾಗುತ್ತದೆ. ಹೆಣ್ಣುಮಕ್ಕಳಿಗೆ ಹೊಲಿಗೆ, ಹಾಡು ಸಾಕು ಅನ್ನದೆ ಲೆಕ್ಕ ಕಲಿಸಿದರು ಅನ್ನುವುದನ್ನು ಒತ್ತಿ ಹೇಳಿ.

ಒಂದು ಶಾಲೆಗೆ ನಿಲ್ಲಲಿಲ್ಲ. 1852ರ ಹೊತ್ತಿಗೆ ಪುಣೆಯಲ್ಲಿ ಇಂಥ ಮೂರು ಶಾಲೆಗಳಾದವು. ಸುಮಾರು 150 ಹುಡುಗಿಯರು ಓದುತ್ತಿದ್ದರು. ಪರೀಕ್ಷೆ ಜನರ ಎದುರೇ ನಡೆಯುತ್ತಿತ್ತು. ಬೇಕಾದವರು ಬಂದು ನೋಡಬಹುದಾಗಿತ್ತು. ಆ ವರ್ಷ ನವೆಂಬರಿನಲ್ಲಿ ಸರ್ಕಾರ ವಿಶ್ರಾಮಬಾಗ್ ವಾಡೆಯಲ್ಲಿ ಜ್ಯೋತಿಬಾ ಅವರಿಗೆ ಶಾಲು ಹೊದಿಸಿ ಗೌರವಿಸಿತು.

ಆದರೆ ಅದಕ್ಕೆ ಮುಂಚೆ, 1849ರಲ್ಲಿ, ಇಬ್ಬರೂ ಮನೆ ಬಿಡಬೇಕಾಯಿತು. ಊರಿನವರ ಒತ್ತಡಕ್ಕೆ ಮಾವ ಹೆದರಿದರು. ಶಾಲೆ ಬಿಡಿ, ಇಲ್ಲವೇ ಮನೆ ಬಿಡಿ ಅಂದರು. ಇವರು ಮನೆ ಬಿಟ್ಟರು. ಉಸ್ಮಾನ್ ಶೇಖ್ ಅನ್ನುವ ಸ್ನೇಹಿತ ತಮ್ಮ ಮನೆಯಲ್ಲಿ ಜಾಗ ಕೊಟ್ಟರು. ಅದೇ ಮನೆಯ ಫಾತಿಮಾ ಶೇಖ್ ಸಾವಿತ್ರಿಬಾಯಿಯವರ ಜೊತೆ ಕೆಲಸಕ್ಕೆ ನಿಂತರು.

ಈಗ 1856ರ ಕಾಗದಕ್ಕೆ ಬನ್ನಿ. ಆರೋಗ್ಯ ಕೆಟ್ಟು ಸಾವಿತ್ರಿಬಾಯಿ ತವರಿಗೆ ಹೋಗಿದ್ದರು. ಅಲ್ಲಿಂದ ಗಂಡನಿಗೆ ಬರೆಯುತ್ತಾರೆ. ತಮ್ಮ ನೋಡಿಕೊಳ್ಳುತ್ತಿದ್ದಾನೆ, ಪೂರ್ತಿ ಹುಷಾರಾದ ಮೇಲೆ ಬರುತ್ತೇನೆ, ಚಿಂತೆ ಮಾಡಬೇಡಿ. ಆಮೇಲೆ ಒಂದು ಮಾತು: ಫಾತಿಮಾಗೆ ಇದರಿಂದ ತುಂಬ ತೊಂದರೆ ಆಗುತ್ತಿರಬೇಕು, ಆದರೂ ಅವಳು ಅರ್ಥಮಾಡಿಕೊಳ್ಳುತ್ತಾಳೆ, ಗೊಣಗುವವಳಲ್ಲ.

ಈ ಸಾಲು ಮೊದಲ ಸಲ ಓದಿದಾಗ ನಾನು ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಕಣ್ಣು ತುಂಬಿ ಬಂತು. ರಜೆ ಹಾಕಿದ ಟೀಚರ್ ಜ್ವರದಲ್ಲೂ "ಅಯ್ಯೋ, ನನ್ನ ಪೀರಿಯಡ್ ಯಾರು ನೋಡಿಕೊಳ್ತಾರೋ" ಅಂತ ಒದ್ದಾಡುವುದನ್ನು ನಾವೆಲ್ಲ ಬಲ್ಲೆವು. 170 ವರ್ಷದ ಹಿಂದೆಯೂ ಅದೇ ಒದ್ದಾಟ. ಮಕ್ಕಳಿಗೆ ಇದನ್ನು ಹೇಳುವಾಗ ಫಾತಿಮಾ ಹೆಸರನ್ನು ಎರಡು ಸಲ ಹೇಳಿ. ಶಾಲೆ ಒಬ್ಬರಿಂದ ನಡೆಯುವುದಿಲ್ಲ ಅಂತ ಬೇರೆ ಹೇಳಬೇಕಾಗಿಯೇ ಇಲ್ಲ, ಆ ಸಾಲೇ ಹೇಳುತ್ತದೆ.

ಅದೇ ಕಾಗದದಲ್ಲಿ ಆ ತಮ್ಮನೇ ಜಗಳ ತೆಗೆದದ್ದೂ ಇದೆ. ಮಹಾರ್, ಮಾಂಗ್ (ಎರಡೂ ಮಹಾರಾಷ್ಟ್ರದ ದಲಿತ ಜಾತಿಗಳು) ಜನರಿಗೆ ಓದು ಕಲಿಸಿ ಜಾತಿ ಕೆಡಿಸಿದಿರಿ ಅಂತ ಅವನ ಆರೋಪ. ಇವರು ಕೂತು ಸಮಾಧಾನದಿಂದ ಉತ್ತರ ಕೊಟ್ಟರು. ಅವನ ಮನಸ್ಸು ಕರಗಿತು. ಸಮಯವಿದ್ದರೆ ಇದನ್ನೂ ಹೇಳಿ. ನಮ್ಮ ಹುಡುಗಿಯರಿಗೂ ಮನೆಯಲ್ಲಿ ವಾದ ಮಾಡುವ ಅಣ್ಣತಮ್ಮಂದಿರು ಇದ್ದಾರೆ.

ಮುಕ್ತಾಳ ಬರಹ: ಇದಕ್ಕೆ ಅರ್ಧ ಸಮಯ ಕೊಡಿ

ಹತ್ತು ನಿಮಿಷದಲ್ಲಿ ನಾಲ್ಕೈದು ನಿಮಿಷ ಇದಕ್ಕೇ ಇಡಿ. ಒಬ್ಬ ಟೀಚರ್ ಹೇಗಿದ್ದರು ಅಂತ ತಿಳಿಯಬೇಕಾದರೆ ಅವರ ವಿದ್ಯಾರ್ಥಿಯನ್ನು ನೋಡಬೇಕು.

ಮುಕ್ತಾ ಸಾಳ್ವೆ ಮಾಂಗ್ ಜಾತಿಯ ಹುಡುಗಿ. ಫುಲೆ ದಂಪತಿಯ ಶಾಲೆಯಲ್ಲಿ ಸುಮಾರು ಮೂರು ವರ್ಷ ಓದಿದ್ದಳು. ಹದಿಹರೆಯ ಇನ್ನೂ ದಾಟಿರಲಿಲ್ಲ. 1855ರಲ್ಲಿ ಮಾಂಗ್ ಮತ್ತು ಮಹಾರರ ಕಷ್ಟದ ಬಗ್ಗೆ ಒಂದು ಪ್ರಬಂಧ ಬರೆದಳು. ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು.

ಅದರಲ್ಲಿ ಏನಿದೆ ಅಂತ ನಿಮ್ಮ ಮಾತಿನಲ್ಲೇ ಹೇಳಿ. ನಾನು ಹೇಳುತ್ತಿದ್ದದ್ದು ಹೀಗೆ. ನಮ್ಮವರನ್ನು ಭೂಮಿಯಿಂದ ಓಡಿಸಿದರು ಅನ್ನುತ್ತಾಳೆ. ದೊಡ್ಡ ದೊಡ್ಡ ಕಟ್ಟಡ ಕಟ್ಟುವಾಗ ನಮ್ಮವರನ್ನು ಅಡಿಪಾಯದಲ್ಲಿ ಹೂಳುತ್ತಿದ್ದರು ಅನ್ನುತ್ತಾಳೆ. ವೇದ ಓದುವ ಹಕ್ಕು ನಮಗಿಲ್ಲ ಅಂದ ಮೇಲೆ ನಮ್ಮ ಧರ್ಮ ಯಾವುದು ಅಂತ ದೇವರನ್ನೇ ಕೇಳುತ್ತಾಳೆ. ನಮ್ಮ ಹೆಂಗಸರು ಹೆರುವಾಗ ತಲೆಯ ಮೇಲೆ ಒಂದು ಸೂರೂ ಇರುವುದಿಲ್ಲ, ಮಳೆಯಲ್ಲಿ ಚಳಿಯಲ್ಲಿ ಒದ್ದಾಡುತ್ತಾರೆ ಅನ್ನುತ್ತಾಳೆ. ಕೊನೆಗೆ ತನ್ನ ಜನರಿಗೆ ಓದಿ ಅಂತ ಹೇಳುತ್ತಾಳೆ.

ಈ ಭಾಗವನ್ನು ನೀವು ಹೇಳುವುದಕ್ಕಿಂತ ಒಬ್ಬ ಹುಡುಗಿಯಿಂದ ಓದಿಸುವುದು ಒಳ್ಳೆಯದು. ಒಂದು ಎಚ್ಚರ: ಓದಲು ಬೇಕೆಂದೇ ದಲಿತ ಹುಡುಗಿಯನ್ನೇ ಆರಿಸಬೇಡಿ. ಎಲ್ಲರ ಮುಂದೆ ಅವಳು ಕುಗ್ಗಿಹೋಗಬಹುದು. ಯಾರಿಗೆ ಓದಬೇಕು ಅಂತ ಆಸೆಯಿದೆಯೋ ಅವರು ಕೈ ಎತ್ತಲಿ. ಹಿಂದಿನ ದಿನ ಒಂದೆರಡು ಸಲ ಓದಿಸಿ ನೋಡಿ.

ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ. "ಮೂರು ವರ್ಷದಲ್ಲಿ ಹೀಗೆ ಬರೆಯುವುದನ್ನು ಇವಳಿಗೆ ಯಾರು ಕಲಿಸಿರಬೇಕು?" ಮಕ್ಕಳು ಮೇಜಿನ ಮೇಲಿನ ಚೀಲ ನೋಡುತ್ತಾರೆ. ಉತ್ತರ ನೀವು ಹೇಳಬೇಕಾಗಿಲ್ಲ.

ಮಧ್ಯಾಹ್ನದ ಕನ್ನಡ ಪೀರಿಯಡ್ ಕೇಳಿ ತೆಗೆದುಕೊಂಡು ಮಕ್ಕಳಿಗೂ ಬರೆಯಲು ಹೇಳಿ. "ನನಗೆ ಸರಿ ಅನ್ನಿಸದೆ ಇರುವ ಒಂದು ವಿಷಯ." ಅರ್ಧ ಪುಟ ಸಾಕು. ಹೆಸರು ಬರೆಯುವುದು ಬಿಡುವುದು ಅವರ ಇಷ್ಟ. ಅಂಕ ಕೊಡಬೇಡಿ, ಕಾಗುಣಿತ ತಿದ್ದಬೇಡಿ. ನಾನು ಎಚ್.ಎಂ. ಆಗಿದ್ದಾಗ ಒಬ್ಬ ಹುಡುಗಿ ಬರೆದಿದ್ದಳು: ಶೌಚಾಲಯದಲ್ಲಿ ನೀರು ಬರುವುದಿಲ್ಲ, ತಿಂಗಳಿಗೆ ಮೂರು ದಿನ ನಾನು ಶಾಲೆಗೆ ಬರುವುದಿಲ್ಲ, ಹಾಜರಿ ಕಡಿಮೆ ಅಂತ ಬೈಯುತ್ತಾರೆ. ಬೈಯುತ್ತಿದ್ದವರಲ್ಲಿ ನಾನೂ ಒಬ್ಬಳು. ಮೋಟಾರ್ ಕೆಟ್ಟು ಎರಡು ತಿಂಗಳಾಗಿತ್ತು. ಪತ್ರ ಬರೆದು ಸುಮ್ನೆ ಕಾಯುತ್ತಾ ಕೂತಿದ್ದೆ. ಮಾರನೇ ದಿನ ಬೆಳಿಗ್ಗೆ ಪ್ಲಂಬರ್‌ನನ್ನು ನಾನೇ ಕರೆದುಕೊಂಡು ಬಂದೆ. ಮಕ್ಕಳ ಬರಹವನ್ನು ಓದದೆ ಬೀರುವಿನಲ್ಲಿ ಇಡುವುದಾದರೆ ಬರೆಸಲೇಬೇಡಿ.

ಉಳಿದದ್ದರಲ್ಲಿ ಒಂದನ್ನು ಆರಿಸಿ

ಶಾಲೆಯ ಹೊರಗೂ ಅವರು ಮಾಡಿದ್ದು ಬಹಳ. 1863ರಲ್ಲಿ, ಗರ್ಭಿಣಿಯಾದ ವಿಧವೆಯರು ಬಂದು ಹೆತ್ತು ಹೋಗಲು ತಮ್ಮ ಮನೆಯಲ್ಲೇ ಆಶ್ರಯ ತೆರೆದರು. 1868ರಲ್ಲಿ ಮನೆಯ ನೀರಿನ ತೊಟ್ಟಿಯನ್ನು ದಲಿತರಿಗೆ ಬಿಟ್ಟುಕೊಟ್ಟರು. 1873ರಲ್ಲಿ ಜ್ಯೋತಿಬಾ ಕಟ್ಟಿದ, ಜಾತಿಯ ಮೇಲುಕೀಳನ್ನು ವಿರೋಧಿಸುವ ಸತ್ಯಶೋಧಕ ಸಮಾಜದಲ್ಲಿ ದುಡಿದರು. 1877ರ ಬರದಲ್ಲಿ ಊರೂರು ತಿರುಗಿದರು. 1890ರಲ್ಲಿ ಗಂಡ ತೀರಿಕೊಂಡಾಗ ತಾವೇ ಮುಂದೆ ನಿಂತು ಚಿತೆಗೆ ಬೆಂಕಿ ಕೊಟ್ಟರು.

ಎಲ್ಲವನ್ನೂ ಹೇಳಲು ಹೋದರೆ ಯಾವುದೂ ಮುಟ್ಟುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ನೀರಿನ ಕಥೆ ಹೇಳಿ. 9, 10ನೇ ತರಗತಿಗೆ 1868ರ ಕಾಗದ ಹೇಳಿ. ಬ್ರಾಹ್ಮಣ ಹುಡುಗ, ಮಹಾರ್ ಹುಡುಗಿ, ಪ್ರೀತಿ. ಹುಡುಗಿ ಬಸುರಿ. ಊರಿನವರು ಇಬ್ಬರನ್ನೂ ಬೀದಿಯಲ್ಲಿ ಎಳೆದುಕೊಂಡು ಹೋಗಿ ಕೊಲ್ಲಲು ಹೊರಟಿದ್ದರು. ಸಾವಿತ್ರಿಬಾಯಿ ಓಡಿ ಹೋಗಿ, ಬ್ರಿಟಿಷ್ ಕಾನೂನಿನಲ್ಲಿ ಕೊಲೆಗೆ ಏನು ಶಿಕ್ಷೆ ಅಂತ ಹೆದರಿಸಿ, ಇಬ್ಬರನ್ನೂ ಉಳಿಸಿದರು. ಇದನ್ನು ಹೇಳುವಾಗ ತರಗತಿ ತುಂಬ ಗಂಭೀರ ಆಗುತ್ತದೆ. ನಮ್ಮ ಮಕ್ಕಳು ಪೇಪರ್ ಓದುತ್ತಾರೆ, ಟಿವಿ ನೋಡುತ್ತಾರೆ, ಇಂಥದ್ದು ಈಗಲೂ ನಡೆಯುತ್ತದೆ ಅಂತ ಅವರಿಗೆ ಗೊತ್ತು.

ಸಾವನ್ನು ಮೆಲ್ಲಗೆ ಹೇಳಿ. 1897, ಪುಣೆಯಲ್ಲಿ ಪ್ಲೇಗು. ದತ್ತುಮಗ ಯಶವಂತ ಡಾಕ್ಟರ್. ಊರ ಹೊರಗೆ ರೋಗಿಗಳಿಗೆ ಆಸ್ಪತ್ರೆ ತೆರೆದಿದ್ದರು. ಮುಂಢ್ವಾ ಅನ್ನುವ ಕಡೆ ಒಬ್ಬ ಹುಡುಗನಿಗೆ ಪ್ಲೇಗು ತಗುಲಿದೆ ಅಂತ ತಿಳಿದು, 66 ವರ್ಷದ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದರು. ರೋಗ ಅವರಿಗೂ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು. ಇಷ್ಟು ಹೇಳಿ ನಿಲ್ಲಿಸಿ. ಘೋಷಣೆ ಕೂಗಿಸಬೇಡಿ. ಒಂದು ನಿಮಿಷ ಸುಮ್ಮನಿದ್ದು ಮಕ್ಕಳು ತರಗತಿಗೆ ಹೋಗಲಿ.

ಆಮೇಲೆ ಹಳೆಯ ರಿಜಿಸ್ಟರ್ ತೆಗೆಯಿರಿ

ಕ್ವಿಜ್, ಛದ್ಮವೇಷ ಇದ್ದೇ ಇರುತ್ತವೆ. ನಾನು ಅದಕ್ಕಿಂತ ಇಷ್ಟಪಟ್ಟು ಮಾಡುತ್ತಿದ್ದದ್ದು ಇದು. ನಿಮ್ಮ ಶಾಲೆಯ ಮೊದಲ ದಾಖಲಾತಿ ರಿಜಿಸ್ಟರನ್ನು ಎಚ್.ಎಂ. ಅನುಮತಿ ಕೇಳಿ ಹೊರಗೆ ತೆಗೆಯಿರಿ. ಜಾತಿ ಕಾಲಂ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಇಟ್ಟು ಕ್ಲಿಪ್ ಹಾಕಿ ಮುಚ್ಚಿ. ಪುಟ ನೀವೇ ತಿರುಗಿಸಿ, ಮಕ್ಕಳ ಕೈಗೆ ಕೊಡಬೇಡಿ, ಹಳೆಯ ಕಾಗದ ಬೇಗ ಹರಿಯುತ್ತದೆ. ಐದೈದು ಜನರ ಗುಂಪು ಮಾಡಿ. ಮೊದಲು ಸೇರಿದ ಹುಡುಗಿ ಯಾರು, ಆ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನ 10ನೇ ತರಗತಿ ಮುಗಿಸಿದರು ಅಂತ ಎಣಿಸಲಿ. ಶಾಲೆ ಬಿಟ್ಟ ಕಾರಣದ ಕಾಲಂ ಇರುತ್ತದಲ್ಲ, ಅದನ್ನು ತಪ್ಪದೆ ಓದಿಸಿ.

ಒಂದು ವರ್ಷ ಹೀಗೆ ನೋಡುವಾಗ 9ನೇ ತರಗತಿಯ ಹುಡುಗಿಯೊಬ್ಬಳು "ಮಿಸ್, ಇದು ನಮ್ಮಜ್ಜಿ" ಅಂದಳು. ಹೆಸರು, ಅಪ್ಪನ ಹೆಸರು, ಊರು, ಎಲ್ಲ ಸರಿಯಿತ್ತು. 8ನೇ ತರಗತಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಬಿಟ್ಟ ಕಾರಣ: ಮದುವೆ. ಹುಡುಗಿ ಆ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದಳು. ಎರಡು ದಿನ ಬಿಟ್ಟು ಅಜ್ಜಿಯೇ ಶಾಲೆಗೆ ಬಂದರು, ಒಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು. "ಅಮ್ಮಾ, ನನ್ನ ಹೆಸರು ಇನ್ನೂ ಐತಂತಲ್ಲ, ತೋರಿಸ್ತೀರಾ?" ಅಂದರು. ನಾನು ಕುರ್ಚಿ ಎಳೆದು ಕೂರಿಸಿ, ಪುಟ ತೆಗೆದು ತೋರಿಸಿದೆ. ಅವರು ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದೇ ಕೂಡಿಸಿ, ತಮ್ಮ ಹೆಸರನ್ನು ತಾವೇ ಓದಿದರು.